ಕವಿಚಕ್ರವರ್ತಿ ಜನ್ನ ಮತ್ತು ಜೀವದಯೆಯ ವಿವೇಕ

ಜಿನಬಿಂಬ ಪ್ರತಿಷ್ಠೆಯ ಈ ಮಂಗಳಾವಸರದಲ್ಲಿ, ಕವಿಯೂ ಬಸದಿಯ ನಿರ್ಮಾಪಕನೂ ಆಗಿದ್ದ ಒಬ್ಬ ಶ್ರಾವಕನನ್ನು ಸ್ಮರಿಸುವುದು ಉಚಿತವಾಗಿದೆ. ಆತನೇ ಕವಿಚಕ್ರವರ್ತಿ ಜನ್ನ. ಆತನು ಬಾಳಿ ಎಂಟು ಶತಮಾನಗಳು ಸಂದಿವೆ. ಆದರೆ ಆತನ ಕಾವ್ಯವು ಎತ್ತಿದ ಪ್ರಶ್ನೆ ಬಮ್ಮಿಗಟ್ಟಿಯ ಹೊಲಗದ್ದೆಗಳಲ್ಲಿ ದುಡಿಯುವ ಶ್ರಾವಕರಿಗೆ ಇಂದಿಗೂ ಎದುರಾಗುವಂಥದು. ನೆಲವನ್ನು ಉಳುವಾಗ, ಬೆಳೆಯನ್ನು ಕೊಯ್ಯುವಾಗ ಅಸಂಖ್ಯ ಕ್ಷುದ್ರಜೀವಿಗಳು ನಾಶವಾಗುತ್ತವೆ. ಹಾಗಿರುವಲ್ಲಿ ಒಕ್ಕಲಿಗನು ಅಹಿಂಸಾವ್ರತಿ ಎನಿಸುವುದು ಹೇಗೆ?

ಜನ್ನನು ವಿದ್ವತ್ತು ಮನೆಮಾಡಿದ್ದ ಕುಲದಲ್ಲಿ ಹುಟ್ಟಿದವನು. ತಂದೆ ಸುಮನೋಬಾಣನೆಂದು ಖ್ಯಾತನಾದ ಶಂಕರ, ತಾಯಿ ಗಂಗಾದೇವಿ, ಮಡದಿ ಲಕುಮಾದೇವಿ. ರಾಮಚಂದ್ರದೇವ ಮುನಿಗಳು ಆತನ ಧರ್ಮಗುರುಗಳು. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಆತನ ಭಾವಮೈದುನ. ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಸೋದರಳಿಯ. ಒಂದೇ ಬಂಧುವರ್ಗದಿಂದ ಕನ್ನಡಕ್ಕೆ ಕಾವ್ಯ, ಸಂಕಲನ, ವ್ಯಾಕರಣಗಳು ಮೂರೂ ದೊರೆತದ್ದು ವಿರಳವಾದ ಸುಯೋಗ.

ಆತನ ಆಶ್ರಯದಾತನು ಹೊಯ್ಸಳ ಚಕ್ರವರ್ತಿ ವೀರಬಲ್ಲಾಳ. ಈ ಅರಸನ ಹೆಸರು ನಮ್ಮ ಸೀಮೆಗೆ ಅಪರಿಚಿತವಲ್ಲ. ಸೊರಟೂರಿನ ಬಯಲಿನಲ್ಲಿ ಸೇವುಣರನ್ನು ಸೋಲಿಸಿ ಲೊಕ್ಕಿಗುಂಡಿಯಲ್ಲಿ ನೆಲೆವೀಡು ಮಾಡಿದವನು ಇವನೇ. ಇವನಿಂದ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಸಂದಿತು. ಪೊನ್ನ, ರನ್ನರ ಬಳಿಕ ಈ ಬಿರುದಿನಿಂದ ಪ್ರಸಿದ್ಧನಾದವನು ಜನ್ನನೇ. ಬಲ್ಲಾಳನ ಮಗ ನರಸಿಂಹನ ಆಳ್ವಿಕೆಯಲ್ಲಿ ಆತನು ಕವಿಯಾಗಿ ಮಾತ್ರವಲ್ಲದೆ ಮಂತ್ರಿಯಾಗಿಯೂ ದಂಡಾಧೀಶನಾಗಿಯೂ ಮಾನ್ಯನಾದನು. ಅಮೃತಾಪುರದ ದೇಗುಲದ ಶಾಸನವೂ ಆತನ ರಚನೆಯೇ.

ದಂಡಾಧೀಶನ ಪದವಿಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಕತ್ತಿಯನ್ನೂ ಕಾಳಗವನ್ನೂ ಬಲ್ಲ ರಾಜಸಭೆಯಲ್ಲಿ ಬಾಳಿದ ಈ ಕವಿಯು 1209ರಲ್ಲಿ ಯಶೋಧರ ಚರಿತೆಯನ್ನು ಮುಗಿಸಿದಾಗ ಅದರ ನಡುವೆ ಇರಿಸಿದ್ದು ರಣರಂಗವನ್ನಲ್ಲ, ಹಿಟ್ಟಿನಿಂದ ಮಾಡಿದ ಒಂದು ಹುಂಜವನ್ನು. ವಾದಿರಾಜನ ಸಂಸ್ಕೃತ ಕೃತಿಯನ್ನು ಅನುಸರಿಸಿದ ಈ ಕಿರುಕಾವ್ಯದಲ್ಲಿ ನಾಲ್ಕು ಅವತಾರಗಳಿವೆ, ಕಂದಪದ್ಯಗಳೇ ಪ್ರಧಾನ. ಜೀವದಯಾಷ್ಟಮಿಯ ನೋಂಪಿಯೊಡನೆ ಬೆಸೆದುಕೊಂಡಿರುವ ಈ ಕಥೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಕೇಳುತ್ತ ಬಂದಿದ್ದಾರೆ.

ಉಜ್ಜಯಿನಿಯ ಅರಸ ಯಶೋಧರನು ಮಡದಿಯ ವಂಚನೆಯಿಂದ ನೊಂದು, ನಿಜವನ್ನು ಮರೆಮಾಡಿ, ಕೆಟ್ಟ ಕನಸು ಕಂಡೆನೆಂದು ತಾಯಿ ಚಂದ್ರಮತಿಗೆ ತಿಳಿಸುತ್ತಾನೆ. ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆಂದು ಆಕೆಯ ಹಟ. ಜೀವವಧೆ ಸಲ್ಲದೆಂದು ಆತನ ನಿಲುವು. ಕೊನೆಗೆ ಹಿಟ್ಟಿನ ಹುಂಜವನ್ನು ಬಲಿಯೀಯುವುದೆಂಬ ರಾಜಿಗೆ ಇಬ್ಬರೂ ಒಪ್ಪುತ್ತಾರೆ. ಅರಸನ ಕತ್ತಿ ಎರಗಿದಾಗ ಆ ಹುಂಜವು ಜೀವವಿದ್ದಂತೆಯೇ ಕೂಗುತ್ತದೆ. ತಾಯಿಮಕ್ಕಳು ಬಳಿಕ ವಿಷದಿಂದ ಮಡಿದು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ತಂದೆಯ ಶ್ರಾದ್ಧಕ್ಕೆಂದು ಮಗನು ಕೊಲ್ಲಿಸಿದ ಪ್ರಾಣಿಯಲ್ಲಿ ಆ ತಂದೆಯ ಜೀವವೇ ಇತ್ತು. ಕಡೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿದ ಅವರನ್ನು ಮಾರಿದತ್ತನೆಂಬ ಅರಸನು ಚಂಡಮಾರಿಗೆ ಬಲಿಯೀಯಲು ತರಿಸುತ್ತಾನೆ. ಅವರಿಂದಲೇ ಈ ವೃತ್ತಾಂತವನ್ನು ಕೇಳಿ ಹಿಂಸೆಯನ್ನು ತೊರೆಯುತ್ತಾನೆ.

ಒಂದು ಜೀವವೂ ಅಳಿಯದಿದ್ದ ಕೃತ್ಯಕ್ಕೆ ಇಷ್ಟು ಘೋರವಾದ ಫಲವೇಕೆ? ಕೈಯಲ್ಲಿದ್ದುದು ಹಿಟ್ಟಾದರೂ ಮನಸ್ಸಿನಲ್ಲಿದ್ದುದು ಹುಂಜ. ಕೊಲ್ಲುವೆನೆಂಬ ಸಂಕಲ್ಪ ಅಲ್ಲಿ ಪೂರ್ಣವಾಗಿತ್ತು. ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅಡುಗೆ ಮೊದಲಾದ ಮನೆಗೆಲಸ, ಬೇಸಾಯ ಮೊದಲಾದ ಜೀವನೋಪಾಯ, ನಾಡಿನ ರಕ್ಷಣೆ ಇವುಗಳಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ತೊರೆಯಲಾರನು. ಸಂಕಲ್ಪೀ ಹಿಂಸೆಯನ್ನಾದರೋ ಆತನು ತೊರೆಯಲೇಬೇಕು. ದಂಡಾಧೀಶನಾಗಿದ್ದೂ ಜನ್ನನು ಶ್ರಾವಕನಾಗಿ ಉಳಿದದ್ದು ಈ ವಿವೇಕದಿಂದಲೇ ಎಂದು ತಿಳಿಯಬಹುದು.

ಆದರೆ ಈ ವಿಂಗಡಣೆ ನುಣುಚಿಕೊಳ್ಳುವ ದಾರಿಯಲ್ಲ. ಯಶೋಧರನೂ ರಾಜಿಯ ಮೂಲಕ ನುಣುಚಿಕೊಳ್ಳಲು ಹೋಗಿಯೇ ಕೆಟ್ಟನು. ರಂಟೆಯ ಕೆಳಗೆ ಸಿಕ್ಕಿದ ಹುಳು ಒಕ್ಕಲಿಗನ ಸಂಕಲ್ಪದಿಂದ ಸತ್ತುದಲ್ಲ. ಅಲ್ಲಿ ಆತನಿಗೆ ಬೇಕಾದುದು ಎಚ್ಚರ ಮತ್ತು ಮರುಕ. ಆದರೆ ಕೆಲಸ ಬೇಗ ಮುಗಿಯಲೆಂದು ಕಬ್ಬಿನ ರವದಿಗೆ ಬೆಂಕಿಯಿಕ್ಕುವಾಗ, ಅಗತ್ಯವನ್ನು ಮೀರಿ ವಿಷವನ್ನು ಸಿಂಪಡಿಸುವಾಗ, ಅಲ್ಲಿ ಜೀವಿಗಳಿವೆಯೆಂದು ಬಲ್ಲೆವು; ಬೇರೆ ಮಾರ್ಗವಿದೆಯೆಂದೂ ಬಲ್ಲೆವು. ಬಲ್ಲೆವಾದ ಮೇಲೆ ಅದನ್ನು ಅನಿವಾರ್ಯವೆನ್ನುವುದು ಹಿಟ್ಟಿನ ಹುಂಜದ ರಾಜಿಯಂತೆಯೇ ಅಲ್ಲವೇ? ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಲ್ಲಿಯೂ ಜೀವವನ್ನು ಕಂಡ ಧರ್ಮ ನಮ್ಮದು. ಅವುಗಳನ್ನು ಬಳಸದೆ ಬದುಕಲಾಗದು; ದುಂದುಮಾಡದೆ ಬದುಕಲು ಸಾಧ್ಯವಿದೆ.

ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯಿದೆ 1959ರಲ್ಲಿ ಬಂದಿತು. ಕಾಯಿದೆ ಕೈಯನ್ನು ತಡೆಯಬಲ್ಲದು. ಸಂಕಲ್ಪವನ್ನು ತಿದ್ದುವುದು ಪ್ರತಿಯೊಬ್ಬನ ಸ್ವಂತ ಸಾಧನೆ.

ಜನ್ನನು 1230ರಲ್ಲಿ ಅನಂತನಾಥ ಪುರಾಣವನ್ನು ರಚಿಸಿದನು. ಅನಂತನಾಥನಿಗೆ ಬಸದಿಯನ್ನೂ, ದೋರಸಮುದ್ರದ ಪಾರ್ಶ್ವನಾಥ ಬಸದಿಗೆ ದ್ವಾರವನ್ನೂ ಮಾಡಿಸಿದನು. ಬಸದಿಯ ಬಾಗಿಲನ್ನು ದಾಟುವವನು ಕಾಲ ಕೆಳಗಿನ ಇರುವೆಯನ್ನು ನೋಡಿ ಹೆಜ್ಜೆಯಿಡುತ್ತಾನೆ. ಅದೇ ಹೆಜ್ಜೆ ಹೊಲದ ಬದುವಿನ ಮೇಲೆಯೂ ಮುಂದುವರಿದಲ್ಲಿ ನಮ್ಮ ಪ್ರತಿಷ್ಠೆ ಸಾರ್ಥಕವಾದೀತು.