ನಾಡು ಹೊಸದು, ನಿಷ್ಠೆ ಒಂದೇ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯು ವರ್ಷವಿಡೀ ಹರಿಯುವ ನದಿಯಿಲ್ಲದ ಬಯಲು ನಾಡು. ಇಲ್ಲಿಯ ಬೇಸಾಯವು ತಲೆತಲಾಂತರದಿಂದ ಮಳೆಯನ್ನೂ ಕೆರೆಯನ್ನೂ ನಂಬಿ ಬಂದುದು. ಕನ್ನಡ, ತೆಲುಗು ಎರಡೂ ಇಲ್ಲಿಯ ಮನೆಮಾತುಗಳು. ನೀರಿನ ಬೆಲೆಯನ್ನೂ ಎರಡು ನುಡಿಗಳ ಬಾಳನ್ನೂ ಎಳೆತನದಲ್ಲೇ ಕಲಿಸುವ ಈ ನೆಲದಲ್ಲಿ, ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಬಾಲಕನು ಎಳೆಯ ವಯಸ್ಸಿನಲ್ಲೇ ಅವರನ್ನು ಕಳೆದುಕೊಂಡನು. ಚಿಕ್ಕಬಳ್ಳಾಪುರದಲ್ಲಿ ಆರಂಭದ ವಿದ್ಯಾಭ್ಯಾಸವಾಯಿತು. ಅನಂತರ ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವನ ಸಾಗಿಸುತ್ತ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅಲ್ಲಿಂದ ಮುಂದೆ ಅವರ ಬಾಳು ಹೊಸ ಹೊಸ ಸೀಮೆಗಳಲ್ಲಿ, ಹೊಸ ಹೊಸ ಜನರ ನಡುವೆ ಸಾಗಿತು.

1894ರಲ್ಲಿ ಅವರನ್ನು ಸಿಂಧ್‌ನ ಸಕ್ಕರ್ ನಗರಕ್ಕೆ ಕಳುಹಿಸಲಾಯಿತು. ಸಿಂಧೂ ನದಿಯ ಕೆಸರುನೀರನ್ನು ಶುದ್ಧಮಾಡುವ ದುಬಾರಿ ಯಂತ್ರಸಾಧನಗಳನ್ನು ಕೊಳ್ಳುವ ಶಕ್ತಿ ಅಲ್ಲಿಯ ಪುರಸಭೆಗೆ ಇರಲಿಲ್ಲ. ವಿಶ್ವೇಶ್ವರಯ್ಯನವರು ಆ ನದಿಯ ಮರಳನ್ನೇ ಸೋಸುವ ಸಾಧನವನ್ನಾಗಿ ಮಾಡಿಕೊಂಡರು. ನದಿಯ ಅಂಚಿನಲ್ಲಿ ಬಾವಿ ತೋಡಿಸಿ, ಮರಳಿನಲ್ಲಿ ಇಳಿದು ತಿಳಿಯಾಗಿ ಬಂದ ನೀರನ್ನು ಊರಿಗೆ ಒದಗಿಸಿದರು. ಹೊಸ ನಾಡಿಗೆ ಹೋದಾಗ ಅಲ್ಲಿ ಇಲ್ಲದುದನ್ನು ಕುರಿತು ಮರುಗದೆ, ಇರುವುದನ್ನು ಅರಿತು ಬಳಸುವುದು ಅವರ ಕ್ರಮವಾಯಿತು.

ನೆಲವನ್ನು ಅರಿಯುವುದಕ್ಕಿಂತ ಜನರ ಮನಸ್ಸನ್ನು ಒಲಿಸಿಕೊಳ್ಳುವುದು ಕಷ್ಟ. ದಖನ್ನಿನ ಕಾಲುವೆಗಳಲ್ಲಿ ಮೇಲ್ಭಾಗದ ಹಳ್ಳಿಗಳವರು ಕಬ್ಬಿಗೆ ಹೇರಳವಾಗಿ ನೀರು ಬಳಸುತ್ತಿದ್ದರು. ಅಲ್ಲಿ ಭೂಮಿ ಜೌಗಾಗಿ ರೋಗಗಳು ಹರಡುತ್ತಿದ್ದವು. ಕೆಳಗಿನ ಹಳ್ಳಿಗಳಲ್ಲಿ ನೀರಿಗೆ ಬರವಾಗುತ್ತಿತ್ತು. ಭೂಮಿಯನ್ನು ವಿಭಾಗಗಳಾಗಿ ಮಾಡಿ, ಒಂದು ಭಾಗದಲ್ಲಿ ಮಾತ್ರ ಕಬ್ಬಿನಂಥ ಬೆಳೆ ತೆಗೆದು, ಸರದಿಯಂತೆ ಬೆಳೆಗಳನ್ನು ಬದಲಾಯಿಸುವ ಬ್ಲಾಕ್ ಪದ್ಧತಿಯನ್ನು ಅವರು 1899ರಲ್ಲಿ ಸೂಚಿಸಿದರು. ಮೊದಲಿಗೆ ರೈತರೂ ಪತ್ರಿಕೆಗಳೂ ಇದನ್ನು ವಿರೋಧಿಸಿದವು. ಅಧಿಕಾರದ ಬಲದಿಂದ ಹೇರುವ ಬದಲು ಅವರು ರೈತರೊಡನೆ ಕುಳಿತು, ಅವರ ಸಂಶಯಗಳನ್ನು ಕೇಳಿ, ಯೋಜನೆಯ ಲಾಭವನ್ನು ತಿಳಿಯಹೇಳಿದರು. ಕ್ರಮೇಣ ವಿರೋಧವು ತಗ್ಗಿ ಪದ್ಧತಿಯು ಆಚರಣೆಗೆ ಬಂದಿತು.

1906ರಲ್ಲಿ ಅರಬಸ್ಥಾನದ ಏಡನ್ ನಗರದ ನೀರಿನ ಸಮಸ್ಯೆ ಅವರ ಮುಂದೆ ಬಂದಿತು. ಮಳೆಯೇ ಅಪರೂಪವಾದ ಆ ಊರಿನ ಸುತ್ತಮುತ್ತ ಪರಿಶೀಲಿಸಿ, ದೂರದ ಲಹೆಜ್ ಸೀಮೆಯ ನದೀಪಾತ್ರದ ಮರಳಿನಡಿಯಿಂದ ನೀರು ತರಬಹುದೆಂದು ವರದಿ ಕೊಟ್ಟರು. 1908ರಲ್ಲಿ ಮೂಸಿ ನದಿಯ ಭೀಕರ ಪ್ರವಾಹದಿಂದ ಹೈದರಾಬಾದು ತತ್ತರಿಸಿದಾಗ ನಿಜಾಮರ ಸರ್ಕಾರವು ಅವರ ನೆರವನ್ನು ಕೋರಿತು. ಅಲ್ಲಿ ಅವರು ನಗರವನ್ನಷ್ಟೇ ನೋಡದೆ ನದಿಯ ಜಲಾನಯನ ಪ್ರದೇಶವನ್ನೆಲ್ಲ ಪರಿಶೀಲಿಸಿದರು. ಮೇಲ್ಭಾಗದ ನೂರಾರು ಕೆರೆಗಳು ಒಡೆದುದು ಅನಾಹುತವನ್ನು ಹೆಚ್ಚಿಸಿತ್ತು. ಊರಿನ ಮೇಲೆ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂಬ ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ರೂಪುಗೊಂಡವು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ತಾಯ್ನಾಡಿಗೆ ಸೇವೆ ಸಲ್ಲಿಸಿದರು. ಮೊದಲನೆಯ ಮಹಾಯುದ್ಧದ ಅನಿಶ್ಚಿತ ದಿನಗಳಲ್ಲಿಯೂ ಕನ್ನಂಬಾಡಿ ಕಟ್ಟೆಯ ಕೆಲಸ ನಿಲ್ಲಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದು ಭದ್ರಾವತಿಯ ಕಾರ್ಖಾನೆಯು ನಷ್ಟದಲ್ಲಿದ್ದಾಗ, 1923ರಲ್ಲಿ ಅದರ ಹೊಣೆ ಹೊತ್ತು ವೆಚ್ಚವನ್ನು ತಗ್ಗಿಸಿದರು. ನಾಡಿನ ತರುಣರನ್ನು ತರಬೇತುಗೊಳಿಸಿ ಹೊರನಾಡಿನ ತಜ್ಞರ ಸ್ಥಾನಗಳಲ್ಲಿ ನಿಯಮಿಸಿದರು.

1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದ ಅವರು, ನೂರು ವರ್ಷಗಳನ್ನು ದಾಟಿ 1962ರ ಏಪ್ರಿಲ್ ತಿಂಗಳಲ್ಲಿ ಕಾಲವಶರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15 ಭಾರತದಲ್ಲಿ ಇಂಜಿನಿಯರುಗಳ ದಿನವಾಗಿದೆ. ಕಾಲಪಾಲನೆ, ಶುಚಿತ್ವ, ಪ್ರಾಮಾಣಿಕತೆಗಳನ್ನು ಅವರು ಎಲ್ಲಿಯೂ ಸಡಿಲಿಸಲಿಲ್ಲ. ಕೆಲಸದ ವಿಧಾನವನ್ನು ಮಾತ್ರ ಆಯಾ ನೆಲಕ್ಕೂ ಜನಕ್ಕೂ ಒಪ್ಪುವಂತೆ ಬದಲಿಸಿಕೊಂಡರು. ತತ್ತ್ವದಲ್ಲಿ ದೃಢತೆ, ರೀತಿಯಲ್ಲಿ ಹೊಂದಾಣಿಕೆ ಇವೆರಡೂ ಕೂಡಿದ್ದುದರಿಂದಲೇ ಬಯಲುಸೀಮೆಯ ಈ ಮಗನು ಹೋದೆಡೆಯಲ್ಲೆಲ್ಲ ಜನರ ವಿಶ್ವಾಸವನ್ನು ಗಳಿಸಿದನು.