ತಿರಸ್ಕೃತ ಪ್ರಬಂಧ ಹೃದಯ ಉಳಿಸಿತು

ಸಂದರ್ಶನ ಮುಗಿಸಿ ಬಂದು ತಿಂಗಳುಗಟ್ಟಲೆ ಕಾದ ಮೇಲೆ ‘ಆಯ್ಕೆಯಾಗಿಲ್ಲ’ ಎಂಬ ಮೇಲ್ ಬಂದರೆ ಯಾರಿಗಾದರೂ ಮನಸ್ಸು ಕುಸಿಯುತ್ತದೆ. ಆಗೆಲ್ಲ ನನಗೆ ನೆನಪಾಗುವವರು ರೇಮಂಡ್ ಆಲ್‌ಕ್ವಿಸ್ಟ್.

1914ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಹುಟ್ಟಿದ ಅವರು ಔಷಧಶಾಸ್ತ್ರ ಓದಿ, ಜಾರ್ಜಿಯಾದ ಅಗಸ್ಟಾ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾದರು. ಹುಡುಕುತ್ತಿದ್ದದ್ದು ಮುಟ್ಟಿನ ನೋವಿಗೆ ಮದ್ದು. ಅಡ್ರಿನಾಲಿನ್‌ ಅನ್ನು ಹೋಲುವ ರಾಸಾಯನಿಕಗಳನ್ನು ಒಂದೊಂದು ಅಂಗದ ಮೇಲೂ ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು. ಒಂದೆಡೆ ಅತಿ ದುರ್ಬಲವಾದ ರಾಸಾಯನಿಕವೇ ಇನ್ನೊಂದೆಡೆ ಅತಿ ಪ್ರಬಲ! ನರಗಳು ಎರಡು ಬಗೆಯ ರಸ ಸುರಿಸುತ್ತವೆ ಎಂಬುದು ಆಗಿನ ನಂಬಿಕೆ. ವ್ಯತ್ಯಾಸ ಇರುವುದು ರಸದಲ್ಲಲ್ಲ, ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಲ್ಲಿ ಎಂದರು ಆಲ್‌ಕ್ವಿಸ್ಟ್. ಅವುಗಳಿಗೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಹೃದಯದ ಬಡಿತ ಹೆಚ್ಚಿಸುವುದು ಬೀಟಾ.

ಔಷಧಶಾಸ್ತ್ರದ ಪ್ರಮುಖ ಪತ್ರಿಕೆ ಈ ಪ್ರಬಂಧವನ್ನು ತಿರಸ್ಕರಿಸಿತು. 1948ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅಚ್ಚಾದರೂ ವರ್ಷಗಟ್ಟಲೆ ಯಾರೂ ಗಮನಿಸಲಿಲ್ಲ. ಆಲ್‌ಕ್ವಿಸ್ಟ್ ಬೇಸರಿಸಿ ಕೂರಲಿಲ್ಲ. ಪಠ್ಯಪುಸ್ತಕವೊಂದಕ್ಕೆ ಬರೆದ ಅಧ್ಯಾಯದಲ್ಲಿ ಅದನ್ನೇ ಮತ್ತೆ ವಿವರಿಸಿದರು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಈ ವಿಚಾರವನ್ನು ಕೈಗೆತ್ತಿಕೊಂಡು, 1960ರ ದಶಕದಲ್ಲಿ ಬೀಟಾ ಗ್ರಾಹಕವನ್ನು ತಡೆಯುವ ಪ್ರೊಪ್ರನೊಲಾಲ್ ಮಾತ್ರೆ ತಂದರು. ಎದೆನೋವಿನಿಂದ ಬಳಲುತ್ತಿದ್ದವರಿಗೆ ಅದು ವರವಾಯಿತು. 1976ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬರುವಾಗ ಆಲ್‌ಕ್ವಿಸ್ಟ್ ಇರಲಿಲ್ಲ, 1983ರಲ್ಲೇ ತೀರಿಕೊಂಡಿದ್ದರು.

ಅವರು ಹಾಕಿದ ದಾರಿ ಅಲ್ಲಿಗೇ ನಿಂತಿಲ್ಲ. ಬೀಟಾ ಗ್ರಾಹಕ ಮನೆಯ ಕರೆಗಂಟೆಯಂತೆ. ಹೃದಯ ಸೋತಾಗ ದೇಹ ಅದನ್ನು ಬಿಡದೆ ಒತ್ತುತ್ತದೆ. ಆಗ ಜಿಆರ್‌ಕೆ2 ಎಂಬ ಕಿಣ್ವ ಗ್ರಾಹಕಕ್ಕೆ ಫಾಸ್ಫೇಟ್ ಅಂಟಿಸಿ ಗಂಟೆಯ ಸದ್ದಡಗಿಸುತ್ತದೆ. ಸೋತ ಹೃದಯದಲ್ಲಿ ಈ ಕಿಣ್ವ ಹೆಚ್ಚುತ್ತದೆ, ಹೃದಯ ಇನ್ನಷ್ಟು ಸೊರಗುತ್ತದೆ. ಇಲಿಗಳಲ್ಲಿ ಕಿಣ್ವವನ್ನು ತಡೆದಾಗ ಹೃದಯ ಚೇತರಿಸಿಕೊಂಡಿದೆ. ಮನುಷ್ಯರಿಗೆ ಹೊಂದುವ ಮದ್ದಿನ ಹುಡುಕಾಟ ನಡೆದಿದೆ.

ಫಾರ್ಮಸಿ, ಜೀವವಿಜ್ಞಾನ ಓದುತ್ತಿರುವ ಗೆಳೆಯರೇ, ಆ ಹುಡುಕಾಟದಲ್ಲಿ ನಮಗೂ ಜಾಗವಿದೆ. ಒಂದು ಕಡೆ ಬೇಡವೆಂದರೆ ಕೆಲಸ ಕೆಟ್ಟದ್ದೆಂದು ಅರ್ಥವಲ್ಲ. ತಿದ್ದಿ, ಇನ್ನೊಂದು ಬಾಗಿಲು ತಟ್ಟೋಣ.