ಗಾಯದ ನಂಜನ್ನು ಗೆದ್ದ ಡಾಕ್ಟರು: ಜೋಸೆಫ್ ಲಿಸ್ಟರ್

(ಮಹನೀಯರ ಪರಿಚಯ)



ಕಬಡ್ಡಿ ಆಡುವಾಗ ಬಿದ್ದು ಮೊಣಕಾಲು ತರಚಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಗಾಯ ಆಯ್ತು ಅಂದ್ರೆ ಮೇಷ್ಟ್ರು ಮೊದಲು ಅದನ್ನು ತೊಳೀತಾರೆ. ಆಮೇಲೆ ಹತ್ತಿಯಲ್ಲಿ ಔಷಧಿ ಹಚ್ಚಿ ಬಟ್ಟೆ ಕಟ್ತಾರೆ. ಚುರ್ ಅಂತ ಉರಿಯುತ್ತೆ. ನಾಲ್ಕು ದಿನಕ್ಕೆ ಗಾಯ ಮಾಯುತ್ತೆ, ನಾವು ಮರೆತೂ ಬಿಡ್ತೀವಿ. ಆದರೆ ಸುಮಾರು 160 ವರ್ಷಗಳ ಹಿಂದೆ ಹೀಗಿರಲಿಲ್ಲ. ದೊಡ್ಡ ದೊಡ್ಡ ಪಟ್ಟಣಗಳ ಆಸ್ಪತ್ರೆಯಲ್ಲೇ ಗಾಯ ಕೀವಾಗಿ, ನಂಜೇರಿ ಜನ ಸಾಯುತ್ತಿದ್ದರು. ಆ ಸಾವನ್ನು ತಡೆಯುವ ದಾರಿ ತೋರಿಸಿದವರಲ್ಲಿ ದೊಡ್ಡ ಹೆಸರು ಜೋಸೆಫ್ ಲಿಸ್ಟರ್ ಅವರದು. ಈ ಸಲ ಅವರ ಜೀವನವನ್ನು ತಿಳಿಯೋಣ.

ಬಾಲ್ಯ ಮತ್ತು ಓದು

ಲಿಸ್ಟರ್ 1827ರ ಏಪ್ರಿಲ್ 5ರಂದು ಇಂಗ್ಲೆಂಡಿನಲ್ಲಿ, ಲಂಡನ್ ಹತ್ತಿರದ ಅಪ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ವೈನ್ ವ್ಯಾಪಾರಿ. ಆದರೆ ಅವರಿಗೆ ಬಿಡುವು ಸಿಕ್ಕಾಗೆಲ್ಲ ಗಾಜಿನ ಮಸೂರಗಳದ್ದೇ ಹುಚ್ಚು. ಆ ಕಾಲದ ಸೂಕ್ಷ್ಮದರ್ಶಕದಲ್ಲಿ ಚಿತ್ರ ಮಸುಕಾಗಿ ಕಾಣುತ್ತಿತ್ತು. ಅದನ್ನು ಸ್ಪಷ್ಟವಾಗಿ ಕಾಣುವಂತೆ ಸುಧಾರಿಸಿದವರಲ್ಲಿ ಈ ವ್ಯಾಪಾರಿಯೂ ಒಬ್ಬರು. ಕಾಲೇಜಿನಲ್ಲಿ ಓದದಿದ್ದರೂ ಈ ಕೆಲಸಕ್ಕಾಗಿಯೇ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಹೀಗಾಗಿ ಬರಿಗಣ್ಣಿಗೆ ಕಾಣದ ಲೋಕವೊಂದು ಇದೆ ಅನ್ನೋದು ಲಿಸ್ಟರ್‌ಗೆ ಮನೆಯಲ್ಲೇ ಗೊತ್ತಾಯ್ತು.

ಅವರದು ಕ್ವೇಕರ್ ಎಂಬ ಸರಳ ಜೀವನದ ಕ್ರೈಸ್ತ ಪಂಥ. ಆ ಪಂಥದವರಿಗೆ ಆಗ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪದವಿ ಸಿಗುತ್ತಿರಲಿಲ್ಲ. ಅದಕ್ಕೇ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ, 1852ರಲ್ಲಿ ವೈದ್ಯ ಪದವಿ ಪಡೆದರು. ಮರುವರ್ಷ ಸ್ಕಾಟ್‌ಲೆಂಡಿನ ಎಡಿನ್‌ಬರೋಗೆ ಹೋಗಿ, ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಹತ್ತಿರ ಕೆಲಸ ಕಲಿತರು. 1856ರಲ್ಲಿ ಸೈಮ್ ಅವರ ಮಗಳು ಆಗ್ನೆಸ್ ಅವರನ್ನು ಮದುವೆಯಾದರು. ಬೇರೆ ಪಂಥದ ಹೆಣ್ಣನ್ನು ಮದುವೆಯಾಗಲು ತಮ್ಮ ಪಂಥವನ್ನೇ ಬಿಡಬೇಕಾಯ್ತು. ಮುಂದೆ ಆಗ್ನೆಸ್ ಗಂಡನ ಪ್ರಯೋಗಗಳಿಗೆ ಬಲಗೈ ಆದರು. ಅವರ ಪ್ರಯೋಗದ ಟಿಪ್ಪಣಿ ಪುಸ್ತಕಗಳಲ್ಲಿ ಪುಟಗಟ್ಟಲೆ ಇರುವುದು ಆಗ್ನೆಸ್ ಕೈಬರಹವೇ.

ಆಗಿನ ಆಸ್ಪತ್ರೆ ಹೇಗಿತ್ತು?

1846ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ತೋರಿಸಿದರು. ರೋಗಿ ಕಿರುಚಾಡುವುದು ನಿಂತಿತು. ಡಾಕ್ಟರು ನಿಧಾನವಾಗಿ, ದೊಡ್ಡ ಆಪರೇಷನ್ನುಗಳನ್ನೂ ಮಾಡತೊಡಗಿದರು. ಆದರೆ ಸಾವು ಮಾತ್ರ ನಿಲ್ಲಲಿಲ್ಲ. ಆಪರೇಷನ್ ಚೆನ್ನಾಗೇ ಆಗೋದು. ಮೂರ್ನಾಲ್ಕು ದಿನಕ್ಕೆ ಗಾಯ ಊದಿಕೊಂಡು ಕೀವು ತುಂಬಿ, ಜ್ವರ ಬಂದು ರೋಗಿ ತೀರಿಕೊಳ್ಳೋರು. ಡಾಕ್ಟರು ಒಬ್ಬ ರೋಗಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಬ್ಬನನ್ನು ಮುಟ್ಟುತ್ತಿದ್ದರು. ರಕ್ತ ಒಣಗಿ ಗಟ್ಟಿಯಾದ ಕೋಟನ್ನೇ ದಿನವೂ ಹಾಕಿಕೊಳ್ಳುತ್ತಿದ್ದರು. ನಂಜಿಗೆ ಕೆಟ್ಟ ಗಾಳಿಯೇ ಕಾರಣ ಅಂತ ನಂಬಿದ್ದರು.

ಲಿಸ್ಟರ್ 1860ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಪ್ರಾಧ್ಯಾಪಕರಾದರು. ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ವಾರ್ಡುಗಳನ್ನು ವಹಿಸಿಕೊಂಡರು. ಅಲ್ಲಿ ಅವರ ತಲೆ ತಿಂದದ್ದು ಒಂದೇ ಪ್ರಶ್ನೆ. ಇಬ್ಬರ ಕಾಲಿನ ಮೂಳೆ ಮುರಿಯುತ್ತೆ. ಒಬ್ಬನಿಗೆ ಚರ್ಮ ಹರಿದಿಲ್ಲ, ಅವನಿಗೆ ಮೂಳೆ ಕೂಡುತ್ತೆ. ಇನ್ನೊಬ್ಬನಿಗೆ ಚರ್ಮ ಹರಿದಿದೆ, ಅವನ ಕಾಲು ಕೊಳೆಯುತ್ತೆ. ಕಾಲು ಕತ್ತರಿಸಬೇಕು, ಇಲ್ಲಾಂದ್ರೆ ಜೀವ ಹೋಗುತ್ತೆ. ಮುರಿದ ಮೂಳೆ ಒಂದೇ, ವಾರ್ಡಿನ ಗಾಳಿಯೂ ಒಂದೇ. ಹಾಗಾದರೆ ಹರಿದ ಚರ್ಮದ ಮೂಲಕ ಒಳಗೆ ಹೋಗುವುದು ಏನು?

ಪ್ಯಾಶ್ಚರ್ ತೋರಿಸಿದ ದಾರಿ

1865ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನ್ ಅವರಿಂದ ಲಿಸ್ಟರ್‌ಗೆ ಫ್ರಾನ್ಸಿನ ಲೂಯಿ ಪ್ಯಾಶ್ಚರ್ ಅವರ ಪ್ರಯೋಗಗಳು ತಿಳಿದವು. ಪದಾರ್ಥ ಹುಳಿಯುವುದು, ಕೊಳೆಯುವುದು ಬರೀ ಗಾಳಿಯಿಂದಲ್ಲ, ಗಾಳಿ ಧೂಳಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಅಂತ ಪ್ಯಾಶ್ಚರ್ ತೋರಿಸಿದ್ದರು. ಲಿಸ್ಟರ್‌ಗೆ ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಸೂಕ್ಷ್ಮಜೀವಿಗಳನ್ನು ದೂರ ಮಾಡಲು ಕುದಿಸಬಹುದು, ಸೋಸಬಹುದು. ಆದರೆ ಮನುಷ್ಯನ ಮಾಂಸವನ್ನು ಕುದಿಸೋಕಾಗುತ್ತಾ? ಸೋಸೋಕಾಗುತ್ತಾ? ಉಳಿದದ್ದು ಔಷಧಿಯೊಂದೇ.

ಕಾರ್ಲೈಲ್ ಎಂಬ ಪಟ್ಟಣದಲ್ಲಿ ಚರಂಡಿ ನೀರಿಗೆ ಕಾರ್ಬಾಲಿಕ್ ಆಮ್ಲ ಹಾಕಿ ದುರ್ವಾಸನೆ ಹೋಗಲಾಡಿಸಿದ್ದರು. ಆ ನೀರು ಹರಿದ ಹುಲ್ಲುಗಾವಲಿನಲ್ಲಿ ಮೇಯುವ ದನಗಳಿಗೆ ರೋಗವೂ ಕಡಿಮೆಯಾಗಿತ್ತು. ಇದು ಕಲ್ಲಿದ್ದಲಿನ ಟಾರಿನಿಂದ ತೆಗೆಯುವ, ಘಾಟು ವಾಸನೆಯ ವಸ್ತು. ಇದನ್ನೇ ಗಾಯಕ್ಕೆ ಹಚ್ಚಿ ನೋಡೋಣ ಅಂತ ಲಿಸ್ಟರ್ ತೀರ್ಮಾನಿಸಿದರು. ಮೊದಲ ಪ್ರಯತ್ನ ಸೋತಿತು. ಅವರು ಬಿಡಲಿಲ್ಲ.

ಗಾಡಿ ಚಕ್ರಕ್ಕೆ ಸಿಕ್ಕ ಹುಡುಗ

1865ರ ಆಗಸ್ಟ್ 12. ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ಆಸ್ಪತ್ರೆಗೆ ತಂದರು. ವಯಸ್ಸು ಹನ್ನೊಂದು, ಅಂದ್ರೆ ನಮ್ಮ ಆರನೇ ಕ್ಲಾಸಿನವರಷ್ಟು. ಖಾಲಿ ಗಾಡಿಯ ಚಕ್ರ ಅವನ ಎಡಗಾಲ ಮೇಲೆ ಹರಿದಿತ್ತು. ಮೂಳೆ ಮುರಿದಿತ್ತು, ಚರ್ಮವೂ ಹರಿದಿತ್ತು. ಅಂಥ ಕಾಲನ್ನು ಆಗ ಕತ್ತರಿಸುವುದೇ ಹೆಚ್ಚು. ಲಿಸ್ಟರ್ ಕತ್ತರಿಸಲಿಲ್ಲ. ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಹಾಕಿಸಿ, ಕಾಲಿಗೆ ದಬ್ಬೆ ಕಟ್ಟಿಸಿ ಕಾದರು.

ನಾಲ್ಕು ದಿನ ಆದ ಮೇಲೆ ಬಟ್ಟೆ ಬಿಚ್ಚಿದರು. ಕೀವಿನ ವಾಸನೆಯೇ ಇಲ್ಲ! ಆದರೆ ಔಷಧಿಯ ಉರಿಗೆ ಚರ್ಮ ಕೆಂಪಾಗಿತ್ತು. ಲಿಸ್ಟರ್ ಅದನ್ನೂ ಗಮನಿಸಿದರು. ಆಮೇಲಿನ ದಿನಗಳಲ್ಲಿ ನೀರು, ಆಲಿವ್ ಎಣ್ಣೆ ಬೆರೆಸಿ ಔಷಧಿಯ ಖಾರ ಕಡಿಮೆ ಮಾಡಿದರು. ಆರು ವಾರಕ್ಕೆ ಮೂಳೆ ಕೂಡಿತು. ಹುಡುಗನ ಎರಡು ಕಾಲೂ ಉಳಿದವು.

ಇಲ್ಲೊಂದು ದುಃಖದ ಸಂಗತಿ ಇದೆ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು 1847ರಲ್ಲೇ ಎಲ್ಲರ ಕೈ ತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದ್ದರು. ಹೆಚ್ಚಿನವರು ಅವರನ್ನು ನಂಬಲಿಲ್ಲ. ಕೊನೆಗೆ ಮಾನಸಿಕ ಆಸ್ಪತ್ರೆಯಲ್ಲಿ, ಗಾಯದ ನಂಜಿನಿಂದಲೇ ಅವರು ತೀರಿಕೊಂಡರು. ಆ ದಿನ 1865ರ ಆಗಸ್ಟ್ 13. ಗ್ಲಾಸ್ಗೋದಲ್ಲಿ ಹುಡುಗನ ಕಾಲಿಗೆ ಔಷಧಿ ಕಟ್ಟಿದ ಮರುದಿನ!

ಲೆಕ್ಕ ಏನು ಹೇಳಿತು?

ಒಬ್ಬ ಹುಡುಗ ಬದುಕಿದ ಅಂತ ಲಿಸ್ಟರ್ ಡಂಗುರ ಹೊಡೆಯಲಿಲ್ಲ. ಇನ್ನೂ ರೋಗಿಗಳನ್ನು ನೋಡಿ, ಪ್ರತಿಯೊಬ್ಬರದ್ದೂ ಬರೆದಿಟ್ಟರು. 1867ರಲ್ಲಿ ಲಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ 11 ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರಿಗೂ ಮೂಳೆ ಮುರಿದು ಚರ್ಮ ಹರಿದಿತ್ತು. 9 ಜನ ಕೈಕಾಲು ಉಳಿಸಿಕೊಂಡು ಗುಣವಾದರು, ಒಬ್ಬರ ಕಾಲು ಹೋಯಿತು, ಒಬ್ಬರು ತೀರಿಕೊಂಡರು. ಸೋತದ್ದನ್ನೂ ಅವರು ಮುಚ್ಚಿಡಲಿಲ್ಲ.

ಕೈಕಾಲು ಕತ್ತರಿಸಿದ ರೋಗಿಗಳ ಲೆಕ್ಕ ಹೀಗಿದೆ:

ಹೊಸ ಪದ್ಧತಿಗೆ ಮುಂಚೆ (1864 ಮತ್ತು 1866): 35 ರೋಗಿಗಳು, 16 ಸಾವು. ಅಂದರೆ ನೂರಕ್ಕೆ ಸುಮಾರು 46.

ಹೊಸ ಪದ್ಧತಿ ಬಂದ ಮೇಲೆ (1867ರಿಂದ 1869): 40 ರೋಗಿಗಳು, 6 ಸಾವು. ಅಂದರೆ ನೂರಕ್ಕೆ 15.

ಇಷ್ಟು ಕಡಿಮೆ ಸಂಖ್ಯೆಯಿಂದ ಗಟ್ಟಿ ತೀರ್ಮಾನಕ್ಕೆ ಬರೋದು ಕಷ್ಟ ಅಂತ ಲಿಸ್ಟರ್ ಅವರೇ ಒಪ್ಪಿಕೊಂಡಿದ್ದರು. ಈಗಿನವರಾದರೆ ಒಂದೇ ಕಾಲದಲ್ಲಿ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಕೊಟ್ಟು ಹೋಲಿಸ್ತಾರೆ. ಆದರೂ ರೋಗಿ ಮುಂದೆ ಏನಾದ ಅಂತ ಎಣಿಸಿ ನೋಡಿದ್ದು ದೊಡ್ಡ ಮಾತು.

ಅಕ್ಕತಂಗಿಯರೆಂದರೆ ಯಾರಿಗೆ ಪ್ರೀತಿ ಇಲ್ಲ?

1867ರಲ್ಲಿ ಲಿಸ್ಟರ್ ಅವರ ಒಡಹುಟ್ಟಿದ ಇಸಾಬೆಲ್ಲಾಗೆ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡಿತು. ಒಡಹುಟ್ಟಿದವಳ ಮೈಮೇಲೆ ಕತ್ತಿ ಆಡಿಸುವುದು ಯಾರಿಗೆ ಸುಲಭ? ಮಾವ ಸೈಮ್ ಅವರನ್ನು ಕೇಳಿಕೊಂಡು ಬಂದು, ಗ್ಲಾಸ್ಗೋದ ತಮ್ಮ ಮನೆಯಲ್ಲೇ ಲಿಸ್ಟರ್ ಆಪರೇಷನ್ ಮಾಡಿದರು. ಗಾಯ ಕೀವಾಗದೆ ಮಾಯಿತು. ಕ್ಯಾನ್ಸರ್ ಮತ್ತೆ ಮರಳಿತು. ಆದರೂ ಆಕೆ ಇನ್ನೂ ಮೂರು ವರ್ಷ ಬದುಕಿದರು.

ವಿರೋಧ, ತಪ್ಪು, ತಿದ್ದಿಕೊಂಡದ್ದು

ಕಣ್ಣಿಗೆ ಕಾಣದ ಜೀವಿ ಮನುಷ್ಯನನ್ನು ಕೊಲ್ಲುತ್ತೆ ಅಂದ್ರೆ ಅನೇಕ ಡಾಕ್ಟರು ನಕ್ಕರು. ಕಾರ್ಬಾಲಿಕ್ ಆಮ್ಲವನ್ನು ಮೊದಲೇ ಬೇರೆಯವರು ಬಳಸಿದ್ದಾರೆ ಅಂತ ಕೆಲವರು ಜಗಳ ತೆಗೆದರು. ಜರ್ಮನಿಯ ಡಾಕ್ಟರು ಮಾತ್ರ ಬೇಗ ಒಪ್ಪಿಕೊಂಡರು. 1869ರಲ್ಲಿ ಎಡಿನ್‌ಬರೋಗೆ ಮರಳಿದ ಲಿಸ್ಟರ್, 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕುರುವನ್ನೂ ಕೊಯ್ದು ವಾಸಿ ಮಾಡಿದರು.

ಗಾಳಿಯ ಸೂಕ್ಷ್ಮಜೀವಿ ಸಾಯಲಿ ಅಂತ ಅವರು ಆಪರೇಷನ್ ಕೋಣೆಯಲ್ಲಿ ಕಾರ್ಬಾಲಿಕ್ ಸಿಂಪಡಿಸುವ ಯಂತ್ರವನ್ನೂ ಇಟ್ಟಿದ್ದರು. ಅದರಿಂದ ಎಲ್ಲರಿಗೂ ಕೆಮ್ಮು, ಕೈಯೆಲ್ಲ ಉರಿ. ಗಾಳಿಗಿಂತ ಕೈ, ಸಲಕರಣೆಗಳಿಂದಲೇ ಹೆಚ್ಚು ಅಪಾಯ ಅಂತ ಆಮೇಲೆ ತಿಳಿಯಿತು. ಯಂತ್ರವನ್ನು ಬಿಟ್ಟುಬಿಟ್ಟರು. 1890ರಲ್ಲಿ ಬರ್ಲಿನ್ ಸಮ್ಮೇಳನದಲ್ಲಿ ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡರು. ಎಷ್ಟು ಜನ ದೊಡ್ಡವರು ಹೀಗೆ ಮಾಡ್ತಾರೆ ಹೇಳಿ!

1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದ ಅವರು, ಒಡೆದ ಮಂಡಿಚಿಪ್ಪನ್ನು ತೆರೆದು ಬೆಳ್ಳಿಯ ತಂತಿಯಿಂದ ಜೋಡಿಸಿದರು. ನೆಟ್ಟಗಿರುವ ಚರ್ಮವನ್ನು ಬೇಕಂತಲೇ ಕೊಯ್ದು ಮೊಣಕಾಲಿನ ಕೀಲು ತೆರೆಯೋದು ಅಂದ್ರೆ ಆಗ ಸಾವನ್ನು ಕರೆದಂತೆ. ಆ ರೋಗಿ ಗುಣವಾದ.

ಒಲೆಯ ಮೂರು ಕಲ್ಲು

1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದರು. ಮರುವರ್ಷವೇ ಲಿಸ್ಟರ್ ಲಿವರ್‌ಪೂಲಿನ ವಿಜ್ಞಾನ ಸಭೆಯ ಅಧ್ಯಕ್ಷ ಭಾಷಣದಲ್ಲಿ ಅದರ ಬಗ್ಗೆ ಮಾತಾಡಿದರು. ಅದೇ 1896ರಲ್ಲಿ, ಗ್ರೀನ್‌ಲೀಸ್ ಗುಣವಾದ ಗ್ಲಾಸ್ಗೋ ಆಸ್ಪತ್ರೆಯಲ್ಲೇ ಡಾ. ಜಾನ್ ಮ್ಯಾಕಿಂಟೈರ್ ಎಕ್ಸ್-ರೇ ವಿಭಾಗ ತೆರೆದರು. ಅದು ಜಗತ್ತಿನ ಮೊದಮೊದಲ ಎಕ್ಸ್-ರೇ ವಿಭಾಗಗಳಲ್ಲಿ ಒಂದು. ಒಲೆಗೆ ಮೂರು ಕಲ್ಲು ಇದ್ದರೆ ತಾನೇ ಪಾತ್ರೆ ನಿಲ್ಲೋದು? ಹಾಗೇ ನೋವು ತಿಳಿಯದಂತೆ ಮಾಡುವ ಅರಿವಳಿಕೆ, ಒಳಗಿನದನ್ನು ತೋರಿಸುವ ಎಕ್ಸ್-ರೇ, ನಂಜಾಗದಂತೆ ಕಾಯುವ ಸ್ವಚ್ಛತೆ. ಈ ಮೂರರ ಮೇಲೆ ಇವತ್ತಿನ ಆಪರೇಷನ್ ನಿಂತಿದೆ.

ಕೊನೆಯ ದಿನಗಳು

1893ರಲ್ಲಿ ಆಗ್ನೆಸ್ ತೀರಿಕೊಂಡರು. ಮಕ್ಕಳಿರಲಿಲ್ಲ. 1895ರಿಂದ 1900ರವರೆಗೆ ಲಿಸ್ಟರ್ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1897ರಲ್ಲಿ ಲಾರ್ಡ್ ಪದವಿ ಬಂತು. 1912ರ ಫೆಬ್ರವರಿ 10ರಂದು, 84ನೇ ವಯಸ್ಸಿನಲ್ಲಿ ನಿಧನರಾದರು. ಹಿಂದೆ ರಾಜರುಗಳನ್ನು ಹೂಳುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪ್ರಾರ್ಥನೆ ನಡೆಯಿತು. ಆದರೆ ಅವರನ್ನು ಮಣ್ಣು ಮಾಡಿದ್ದು ಹ್ಯಾಂಪ್‌ಸ್ಟೆಡ್‌ನಲ್ಲಿ, ಹೆಂಡತಿಯ ಸಮಾಧಿಯ ಪಕ್ಕದಲ್ಲಿ.

ನಾವು ಕಲಿಯಬೇಕಾದ್ದು

ಕಾರ್ಬಾಲಿಕ್ ಆಮ್ಲವನ್ನು ಈಗ ಗಾಯಕ್ಕೆ ಹಚ್ಚುವುದಿಲ್ಲ, ಅದು ಮೈ ಸುಡುತ್ತೆ. ಮನೆಯ ಫಿನಾಯಿಲನ್ನೂ ಯಾರೂ ಗಾಯಕ್ಕೆ ಹಾಕಬಾರದು. ಲಿಸ್ಟರ್ ಕೊಟ್ಟದ್ದು ಒಂದು ಔಷಧಿಯನ್ನಲ್ಲ, ಒಂದು ವಿಚಾರವನ್ನು. ಗಾಯಕ್ಕೆ ಕೊಳೆ ಸೋಕಬಾರದು ಅನ್ನೋದೇ ಆ ವಿಚಾರ. ಆದ್ದರಿಂದ ಗಾಯ ಆದರೆ ಮಣ್ಣು, ಸಗಣಿ, ಬೂದಿ ಮೆತ್ತಬೇಡಿ. ಶುದ್ಧ ನೀರಿನಲ್ಲಿ ತೊಳೆದು ಶುಭ್ರ ಬಟ್ಟೆ ಕಟ್ಟಿ, ದೊಡ್ಡ ಗಾಯವಾದರೆ ಆಸ್ಪತ್ರೆಗೆ ಹೋಗಿ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ಮುಂದಿನ ಸಲ ಮೇಷ್ಟ್ರು ಔಷಧಿ ಹಚ್ಚುವಾಗ ಚುರ್ ಅಂದ್ರೆ, ಗಾಡಿ ಚಕ್ರಕ್ಕೆ ಸಿಕ್ಕ ಆ ಹುಡುಗನನ್ನು ನೆನೆಸಿಕೊಳ್ಳಿ. ಸ್ವಲ್ಪ ತಡ್ಕೊಳ್ಳಿ!